ಕೆಟ್ಟ ಸುದ್ದಿ ಯಾವ ದಾರಿಯಲ್ಲಿ ಬರುತ್ತದೆ?

ಹೊರದೇಶದವರ ಜೊತೆ ವ್ಯವಹಾರ ಮಾಡುವ ಓದುಗರು ಬರೆಯುವ ಪತ್ರಗಳಲ್ಲಿ ಮುಕ್ಕಾಲು ಪಾಲು ಶಿಷ್ಟಾಚಾರದ ಪ್ರಶ್ನೆಗಳೇ ಇರುತ್ತವೆ. ಜಪಾನಿನವರ ಎದುರು ಎಷ್ಟು ತಲೆಬಾಗಬೇಕು? ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಕೊಡಬೇಕಂತೆ, ಹೌದೇ? ಜರ್ಮನಿಯಿಂದ ಬರುವವರಿಗೆ ಗಂಧದ ಗಣಪತಿ ಕೊಡಬಹುದೇ, ಇಲ್ಲ ಒಂದು ಡಬ್ಬಿ ಮೈಸೂರು ಪಾಕ್ ಸಾಕೇ? ಮನೆಗೆ ಊಟಕ್ಕೆ ಕರೆದರೆ ತಪ್ಪು ತಿಳಿದಾರೇ? ಕಾರ್ಡನ್ನು ಎರಡೂ ಕೈಯಲ್ಲಿ ಕೊಡಿ, ಅವರು ಕೊಟ್ಟ ಕಾರ್ಡನ್ನು ಓದಿ ಮೇಜಿನ ಮೇಲಿಡಿ, ಹಿಂದಿನ ಜೇಬಿಗೆ ತುರುಕಬೇಡಿ, ಊಟಕ್ಕೆ ಧಾರಾಳವಾಗಿ ಕರೆಯಿರಿ. ಇಷ್ಟು ಸಾಕು. ಇಂಥ ಸಣ್ಣಪುಟ್ಟ ಲೋಪದಿಂದ ಆರ್ಡರ್ ಕೈತಪ್ಪಿದ್ದನ್ನು ನಾನು ನೋಡಿಲ್ಲ. ಪರದೇಶದವರು ಎಂದ ಮೇಲೆ ಯಾರಾದರೂ ಒಂದಿಷ್ಟು ವಿನಾಯಿತಿ ಕೊಟ್ಟೇ ಕೊಡುತ್ತಾರೆ. ವ್ಯವಹಾರ ಕೆಡುವುದು ಬೇರೆ ಜಾಗದಲ್ಲಿ.

ಈ ವಿಷಯ ಬಂದಾಗಲೆಲ್ಲ ವಾಲ್‌ಮಾರ್ಟ್ ಜರ್ಮನಿಯಲ್ಲಿ ಸೋತ ಕತೆ ಹೇಳುವವರಿದ್ದಾರೆ. 1997ರಲ್ಲಿ ಅಲ್ಲಿಗೆ ಕಾಲಿಟ್ಟ ಅಮೆರಿಕದ ಈ ಅಂಗಡಿ ಸರಪಳಿ 2006ರಲ್ಲಿ ತನ್ನ ಮಳಿಗೆಗಳನ್ನು ಮೆಟ್ರೊ ಕಂಪನಿಗೆ ಮಾರಿ ಹೊರಬಂತು. ಬಾಗಿಲಲ್ಲಿ ನಿಂತು ನಗುನಗುತ್ತಾ ಸ್ವಾಗತಿಸುವ ಸಿಬ್ಬಂದಿ ಜರ್ಮನ್ನರಿಗೆ ಹಿಡಿಸಲಿಲ್ಲ, ತಾವು ಕೊಂಡ ಸಾಮಾನನ್ನು ಇನ್ನೊಬ್ಬರು ಚೀಲಕ್ಕೆ ತುಂಬುವುದು ಬೇಕಾಗಲಿಲ್ಲ, ಸಹೋದ್ಯೋಗಿಗಳ ನಡುವಿನ ಪ್ರೇಮಕ್ಕೂ ನಿಯಮ ಮಾಡಹೊರಟ ನೀತಿಸಂಹಿತೆ 2005ರಲ್ಲಿ ಕೋರ್ಟ್ ಮೆಟ್ಟಿಲೇರಿತು. ಇದೆಲ್ಲ ನಡೆದದ್ದೇ. ಆದರೆ ಆಲ್ಡಿ, ಲಿಡ್ಲ್‌ನಂಥ ಅಗ್ಗದ ಅಂಗಡಿಗಳು ಆಗಲೇ ಊರೂರಿನಲ್ಲಿ ಬೇರುಬಿಟ್ಟಿದ್ದ ದೇಶದಲ್ಲಿ, ಅಗ್ಗದ ಬೆಲೆಯನ್ನೇ ನಂಬಿ ಹೋದವನಿಗೆ ನಗುವುದರಿಂದಲೇ ನಷ್ಟವಾಯಿತು ಎಂದರೆ ಲೆಕ್ಕ ತಾಳೆಯಾಗುವುದಿಲ್ಲ. ಬೆಲೆಯಲ್ಲಿ ಸೋತದ್ದಕ್ಕೂ ಸಂಸ್ಕೃತಿಯನ್ನೇ ದೂರುವುದು ಸುಲಭದ ದಾರಿ. ನಗುವಿನ ಕತೆ ಹೇಳಲು ಚೆನ್ನಾಗಿರುತ್ತದೆ, ಅದಕ್ಕೇ ಉಳಿದುಕೊಂಡಿದೆ.

ಹಾಗಂತ ಸಂಸ್ಕೃತಿಯ ವ್ಯತ್ಯಾಸವೇ ಇಲ್ಲ ಎನ್ನುತ್ತಿಲ್ಲ. ಇದೆ, ಬೇಕಾದಷ್ಟಿದೆ. ಅದನ್ನು ಹುಡುಕಬೇಕಾದ ಜಾಗ ಯಾವುದು ಎಂದು ಕೇಳಿದರೆ ನಾನು ಒಂದೇ ಪ್ರಶ್ನೆ ಮುಂದಿಡುತ್ತೇನೆ: ಕೆಲಸ ಕೆಟ್ಟಾಗ, ಅದು ಕೆಟ್ಟಿದೆ ಎಂಬ ಸುದ್ದಿಯನ್ನು ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಜನರ ಎದುರು ಹೇಳುತ್ತಾರೆ? ಒಳ್ಳೆಯ ಸುದ್ದಿ ಯಾವ ದೇಶದಲ್ಲಾದರೂ ತಾನಾಗಿಯೇ ಓಡುತ್ತದೆ. ಕೆಟ್ಟ ಸುದ್ದಿ ಮಾತ್ರ ಒಂದೊಂದು ಕಡೆ ಒಂದೊಂದು ದಾರಿ ಹಿಡಿಯುತ್ತದೆ. ಎರಡು ದೇಶದವರು ಕೂಡಿ ಕೆಲಸ ಮಾಡುವಾಗ ಒಬ್ಬರು ಆ ಸುದ್ದಿಯನ್ನು ಒಂದು ದಾರಿಯಲ್ಲಿ ಕಳಿಸುತ್ತಿರುತ್ತಾರೆ, ಇನ್ನೊಬ್ಬರು ಬೇರೆ ದಾರಿಯಲ್ಲಿ ಕಾದು ಕುಳಿತಿರುತ್ತಾರೆ.

ನಾನು ಇದನ್ನು ಮೊದಲು ಕಂಡದ್ದು ಬೆಂಗಳೂರಿನ ಪೀಣ್ಯದಲ್ಲಿ, ವಾಹನಗಳಿಗೆ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ. ಜಪಾನಿನ ಗ್ರಾಹಕರ ಕಡೆಯಿಂದ ತಪಾಸಣೆಗೆ ಒಬ್ಬರು ಬರುವವರಿದ್ದರು. ಹಿಂದಿನ ದಿನವೇ ನೆಲ ತೊಳೆದು, ಗೆರೆಗಳಿಗೆ ಹೊಸ ಹಳದಿ ಬಣ್ಣ ಹೊಡೆದು, ಮುಖ್ಯವಾಗಿ ಪ್ರತಿ ಯಂತ್ರದ ಪಕ್ಕದಲ್ಲಿದ್ದ ಕೆಂಪು ಡಬ್ಬಿಗಳನ್ನು ಖಾಲಿ ಮಾಡಿಸಲಾಯಿತು. ಅಳತೆ ತಪ್ಪಿದ ಪೀಸ್‌ಗಳನ್ನು ಹಾಕುವ ಡಬ್ಬಿ ಅದು. ಬರುವ ಅತಿಥಿಗೆ ರಿಜೆಕ್ಷನ್ ಕಾಣಬಾರದು ಎಂಬುದು ಯಜಮಾನರ ಲೆಕ್ಕ. ನಮ್ಮ ಕಡೆ ನೆಂಟರು ಬರುವ ಮುಂಚೆ ಮನೆ ಚೊಕ್ಕಟ ಮಾಡುವುದು ಗೌರವ ತೋರುವ ರೀತಿ. ಅದರಲ್ಲಿ ಮೋಸದ ಉದ್ದೇಶ ಏನೂ ಇರಲಿಲ್ಲ.

ಬಂದವರು ಯಂತ್ರಗಳನ್ನು ನೋಡಿದರು, ಗೋಡೆಯ ಮೇಲಿನ ಪಟ್ಟಿಗಳನ್ನು ನೋಡಿದರು, ಆಮೇಲೆ ಒಂದು ಲೇತ್ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕೆಂಪು ಡಬ್ಬಿಯೊಳಗೆ ಇಣುಕಿದರು. ನಿನ್ನೆಯ ಪೀಸ್‌ಗಳೆಲ್ಲಿ ಎಂದು ದುಭಾಷಿಯ ಮೂಲಕ ಕೇಳಿದರು. ‘ರಿಜೆಕ್ಷನ್ ಇಲ್ಲ ಸಾರ್’ ಎಂದರು ನಮ್ಮ ಸೂಪರ್‌ವೈಸರ್, ಹೆಮ್ಮೆಯಿಂದಲೇ. ಬಂದವರ ಮುಖದಲ್ಲಿ ಇದ್ದ ಗೆಲುವೂ ಇಳಿದುಹೋಯಿತು. ಎದ್ದು ನೇರವಾಗಿ ಹಿತ್ತಲಿನ ಸ್ಕ್ರ್ಯಾಪ್ ರಾಶಿಯ ಹತ್ತಿರ ಹೋಗಿ ಕೈಹಾಕಿ ನಾಲ್ಕಾರು ಬುಷ್ ಆರಿಸಿಕೊಂಡು ಬಂದರು. ಒಳಬೋರಿನ ಅಳತೆ ಹಿಡಿದು ನೋಡಿದರೆ ಎಲ್ಲವೂ ಒಂದೇ ಕಡೆಗೆ ತಪ್ಪಿದ್ದವು. ಲೇತಿನ ಆಪರೇಟರನ್ನು ಕರೆದು ಏಕೆ ಹೀಗೆ ಎಂದು ಕೇಳಿದರು. ಆತ ಯಜಮಾನರ ಮುಖ ನೋಡಿದ. ಅವರು ತಲೆಯಾಡಿಸಿದ ಮೇಲೆ, ‘ಬೆಳಿಗ್ಗೆ ಮೆಷಿನ್ ಬಿಸಿಯಾಗೋವರೆಗೂ ಸೈಜ್ ನಿಲ್ಲಲ್ಲ ಸಾರ್, ಮೊದಲ್ನೇ ಒಂದು ಗಂಟೆ ಹೀಗೇ ಬರೋದು’ ಅಂದ. ಇದು ಆತನಿಗೆ ತಿಂಗಳುಗಳಿಂದ ಗೊತ್ತಿತ್ತು. ಯಾರೂ ಕೇಳಿರಲಿಲ್ಲ, ಆತನೂ ಹೇಳಿರಲಿಲ್ಲ. ಪಾಳಿ ಶುರುವಾಗುವ ಮುನ್ನ ಯಂತ್ರವನ್ನು ಖಾಲಿ ಓಡಿಸಿ ಬಿಸಿ ಮಾಡಿಕೊಂಡರೆ ಮುಗಿಯುವ ಸಮಸ್ಯೆ ಅದು. ಆ ಜಪಾನಿ ತಪಾಸಣೆಗಾರರು ಆಪರೇಟರಿಗೆ ಕೈಮುಗಿಯುವಷ್ಟು ಬಾಗಿ ಧನ್ಯವಾದ ಹೇಳಿದರು. ನಮ್ಮ ಕಾರ್ಖಾನೆಯ ಬಗ್ಗೆ ಅವರಿಗೆ ನಂಬಿಕೆ ಹುಟ್ಟಿದ್ದು ಆ ಗಳಿಗೆಯಲ್ಲಿ. ಖಾಲಿ ಡಬ್ಬಿ ನೋಡಿದಾಗ ಅವರಿಗೆ ಅನಿಸಿದ್ದು, ಇಲ್ಲಿ ತಪ್ಪು ಮುಚ್ಚಿಡುತ್ತಾರೆ ಎಂದು.

ಟೊಯೊಟಾ ಕಂಪನಿಯ ಮೂಲವನ್ನು ನೋಡಿದರೆ ಈ ಕೆಂಪು ಡಬ್ಬಿಯ ಹಟ ಅರ್ಥವಾಗುತ್ತದೆ. ಕಾರಿಗಿಂತ ಮುಂಚೆ ಆ ಮನೆತನದ್ದು ಮಗ್ಗದ ಉದ್ಯಮ. ಸಾಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ ಒಂದು ಎಳೆ ಹರಿದರೂ ತಾನಾಗಿ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ನೇಯುತ್ತಾ ಹೋಗುವ ಬದಲು ನಿಂತು ಕರೆಯುವ ಯಂತ್ರ. ಅದೇ ಯೋಚನೆ ಕಾರ್ಖಾನೆಗೆ ಬಂದಾಗ ಜೋಡಣಾ ಸಾಲಿನ ಉದ್ದಕ್ಕೂ ಒಂದು ಹಗ್ಗ ಕಟ್ಟಿದರು. ತನ್ನ ಕೈಯಲ್ಲಿರುವ ಕೆಲಸದಲ್ಲಿ ಏನೋ ಸರಿಯಿಲ್ಲ ಅನಿಸಿದ ಯಾವ ಕಾರ್ಮಿಕನಾದರೂ ಅದನ್ನು ಎಳೆಯಬಹುದು. ಎಳೆದ ಕೂಡಲೇ ದೀಪ ಹೊತ್ತಿ ತಂಡದ ಮುಖ್ಯಸ್ಥ ಓಡಿಬರುತ್ತಾನೆ. ಗೊತ್ತಾದ ಗೆರೆ ದಾಟುವುದರೊಳಗೆ ಸರಿಹೋದರೆ ಸಾಲು ಮುಂದೆ ಸಾಗುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ.

ಇದು ಜಪಾನಿನವರ ರಕ್ತದಲ್ಲೇ ಇರುವ ಗುಣ, ಬೇರೆಯವರಿಗೆ ಒಗ್ಗದು ಎಂದು ಎಷ್ಟೋ ಜನ ನಂಬಿದ್ದರು. ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ್ದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಊರಿನ ಒಂದು ಕಾರ್ಖಾನೆ. ಅಲ್ಲಿದ್ದ ಜನರಲ್ ಮೋಟಾರ್ಸ್ ಘಟಕದ ಹೆಸರು ತುಂಬಾ ಕೆಟ್ಟಿತ್ತು. ಯಾವುದೇ ದಿನ ಐವರಲ್ಲಿ ಒಬ್ಬರು ಕೆಲಸಕ್ಕೇ ಬರುತ್ತಿರಲಿಲ್ಲ, ಮುನ್ಸೂಚನೆಯಿಲ್ಲದ ಮುಷ್ಕರಗಳು ನಡೆಯುತ್ತಿದ್ದವು, ಕುಡಿದು ಕೆಲಸ ಮಾಡುವವರಿದ್ದರು. 1982ರಲ್ಲಿ ಬೀಗ ಬಿತ್ತು. ಎರಡು ವರ್ಷದ ನಂತರ, 1984ರಲ್ಲಿ, ಟೊಯೊಟಾ ಮತ್ತು ಜನರಲ್ ಮೋಟಾರ್ಸ್ ಜಂಟಿಯಾಗಿ ಅದನ್ನೇ ‘ನುಮ್ಮಿ’ ಎಂಬ ಹೆಸರಿನಲ್ಲಿ ಮತ್ತೆ ತೆರೆದವು. ಆಡಳಿತ ಟೊಯೊಟಾದ್ದು. ಕೆಲಸಗಾರರು ಬಹುಪಾಲು ಹಳಬರೇ, ಅದೇ ಕಾರ್ಮಿಕ ಸಂಘ, ಅದೇ ನಾಯಕರು. ತಂಡ ತಂಡವಾಗಿ ಅವರನ್ನು ಜಪಾನಿನ ತಕಾವೊಕಾ ಕಾರ್ಖಾನೆಗೆ ಕಳಿಸಿ ಕೆಲಸ ತೋರಿಸಿದರು. ಹಳೆಯ ಕಾರ್ಖಾನೆಯಲ್ಲಿ ಸಾಲು ನಿಲ್ಲಿಸುವುದು ಮಹಾಪರಾಧ. ತಪ್ಪು ಕಣ್ಣಿಗೆ ಕಂಡರೂ ಕಾರನ್ನು ಮುಂದೆ ಬಿಡಬೇಕು, ಆಮೇಲೆ ಹೊರಗಡೆ ರಿಪೇರಿ ಮಾಡಿಸಿಕೊಳ್ಳಬೇಕು. ಹೊಸದರಲ್ಲಿ ಹಗ್ಗ ಎಳೆದವನ ಬಳಿಗೆ ಮೇಲಿನವನು ಓಡಿಬಂದು, ಏನು ತೊಂದರೆ, ನಾನು ಹೇಗೆ ಸಹಾಯ ಮಾಡಲಿ ಎಂದು ಕೇಳುತ್ತಿದ್ದ. ಒಂದೆರಡು ವರ್ಷದೊಳಗೆ ಅಲ್ಲಿಂದ ಹೊರಬಂದ ಕಾರುಗಳ ಗುಣಮಟ್ಟ ಜಪಾನಿನವುಗಳಿಗೆ ಸಾಟಿಯಾಯಿತು, ಗೈರುಹಾಜರಿ ಇಳಿಯಿತು.

ಟೊಯೊಟಾದ ಕಡೆಯಿಂದ ಈ ತರಬೇತಿಯಲ್ಲಿ ತೊಡಗಿದ್ದ ಅಮೆರಿಕನ್ನರಲ್ಲಿ ಜಾನ್ ಶೂಕ್ ಒಬ್ಬರು. ಆ ಅನುಭವವನ್ನು ಅವರು 2010ರಲ್ಲಿ ಒಂದು ಲೇಖನವಾಗಿ ಬರೆದರು. ಜನರ ಯೋಚನೆಯನ್ನು ಮೊದಲು ಬದಲಿಸಿ, ಅದರಿಂದ ನಡವಳಿಕೆ ಬದಲಾಗಲಿ ಎಂದು ಕಾಯಬಾರದು. ಮಾಡುವ ಕೆಲಸದ ರೀತಿ ಬದಲಿಸಿದರೆ ಯೋಚನೆ ಹಿಂದಿನಿಂದ ಬರುತ್ತದೆ ಎಂಬುದು ಅವರ ವಾದದ ಸಾರ. ನನಗೆ ಇದರಲ್ಲಿ ಪೂರ್ತಿ ನಂಬಿಕೆಯಿದೆ, ಏಕೆಂದರೆ ಪೀಣ್ಯದ ಆ ಆಪರೇಟರನ್ನು ಕಂಡವನು ನಾನು. ಮುಂದೆ ಆತನ ಯಂತ್ರದ ಪಕ್ಕ ಒಂದು ಹಲಗೆ ತೂಗುಹಾಕಿ, ತಪ್ಪಿದ ಪೀಸಿನ ಗಂಟೆ ಮತ್ತು ಕಾರಣ ಬರೆಯಲು ಹೇಳಿದರು. ಮೊದಮೊದಲು ಹಲಗೆ ಖಾಲಿ ಇರುತ್ತಿತ್ತು. ಬರೆದವನಿಗೆ ಬೈಗುಳ ಬೀಳುವುದಿಲ್ಲ, ಬರೆದದ್ದಕ್ಕೆ ಅದೇ ದಿನ ಯಾರಾದರೂ ಬಂದು ನೋಡುತ್ತಾರೆ ಎಂದು ಖಾತ್ರಿಯಾದ ಮೇಲೆ ಹಲಗೆ ತುಂಬತೊಡಗಿತು. ಆತನಿಗೆ ಯಾರೂ ಜಪಾನಿ ಸಂಸ್ಕೃತಿಯ ಪಾಠ ಮಾಡಿರಲಿಲ್ಲ. ಇತ್ತ ಜನರಲ್ ಮೋಟಾರ್ಸ್ ಅದೇ ಪದ್ಧತಿಯನ್ನು ಕ್ಯಾಲಿಫೋರ್ನಿಯಾದಲ್ಲೇ ಇದ್ದ ತನ್ನ ವ್ಯಾನ್ ನೈಸ್ ಘಟಕದಲ್ಲಿ ತರಲು ಹೋಗಿ ಕೈಸುಟ್ಟುಕೊಂಡಿತು. ಹಗ್ಗ ಕಟ್ಟಿದರು, ಎಳೆದವನ ಮೇಲೆ ರೇಗುವ ಮೇಲಧಿಕಾರಿಗಳು ಹಾಗೇ ಉಳಿದರು. 1992ರಲ್ಲಿ ಅದು ಮುಚ್ಚಿತು.

ದೇಶದೇಶಗಳ ನಡುವಿನ ವ್ಯತ್ಯಾಸಕ್ಕೆ ಅಂಕಿ ಕೊಟ್ಟವರೂ ಇದ್ದಾರೆ. ನೆದರ್ಲೆಂಡ್ಸಿನ ಗೀರ್ಟ್ ಹಾಫ್‌ಸ್ಟೆಡ್ ಎಂಬ ಸಮಾಜವಿಜ್ಞಾನಿ ಐಬಿಎಂ ಕಂಪನಿಯ ಹತ್ತಾರು ದೇಶಗಳ ನೌಕರರಿಂದ ತುಂಬಿಸಿಕೊಂಡ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳನ್ನು ಆಧರಿಸಿ 1980ರಲ್ಲಿ ಪುಸ್ತಕ ಬರೆದರು. ಮೇಲಿನವರಿಗೂ ಕೆಳಗಿನವರಿಗೂ ನಡುವೆ ಇರುವ ಅಂತರವನ್ನು ಜನ ಎಷ್ಟರಮಟ್ಟಿಗೆ ಸಹಜ ಎಂದುಕೊಳ್ಳುತ್ತಾರೆ ಎಂಬುದಕ್ಕೆ ಅವರದೊಂದು ಸೂಚ್ಯಂಕವಿದೆ. ಅದರಲ್ಲಿ ಭಾರತಕ್ಕೆ 77, ಜಪಾನಿಗೆ 54, ಅಮೆರಿಕಕ್ಕೆ 40, ಜರ್ಮನಿಗೆ 35. ಅಂತರ ಹೆಚ್ಚಿದ್ದಲ್ಲಿ ಕೆಟ್ಟ ಸುದ್ದಿ ಮೇಲೇರುವುದು ನಿಧಾನ ಎಂದು ಇದನ್ನು ಓದಬಹುದು, ಒಂದು ಮಟ್ಟಿಗೆ ಅದು ನಿಜವೂ ಹೌದು. ಒಂದೇ ಕಂಪನಿಯ ನೌಕರರನ್ನು ಕೇಳಿ ಇಡೀ ದೇಶಕ್ಕೆ ಅಂಕ ಕೊಡುವುದು ಹೇಗೆ ಎಂಬ ಆಕ್ಷೇಪವೂ ಮೊದಲಿನಿಂದ ಇದೆ. ನನ್ನ ತಕರಾರು ಇನ್ನೂ ಸಣ್ಣದು. ಈ ಅಂಕಿಗಳನ್ನು ಕಂಠಪಾಠ ಮಾಡಿಕೊಂಡು ಬರುವವರು ಎದುರಿಗಿರುವ ಮನುಷ್ಯನನ್ನು ನೋಡುವುದನ್ನೇ ಬಿಟ್ಟುಬಿಡುತ್ತಾರೆ.

ನಮ್ಮವರು ಸುದ್ದಿ ತಡಮಾಡುವುದು ಬರೀ ಹೆದರಿಕೆಯಿಂದ ಎಂದು ಹೊರಗಿನವರು ತಿಳಿದಿರುತ್ತಾರೆ. ಸಾಫ್ಟ್‌ವೇರ್ ಸೇವೆ ಕೊಡುವ ಕಂಪನಿಯೊಂದರ ಮೀಟಿಂಗಿನಲ್ಲಿ ಕುಳಿತಿದ್ದಾಗ ಕಂಡದ್ದು ಹೇಳುತ್ತೇನೆ. ಆಚೆ ತುದಿಯಲ್ಲಿ ನೆದರ್ಲೆಂಡ್ಸಿನ ಗ್ರಾಹಕರು, ಈಚೆ ತುದಿಯಲ್ಲಿ ಬೆಂಗಳೂರಿನ ತಂಡ. ಶುಕ್ರವಾರದೊಳಗೆ ಈ ಭಾಗ ಮುಗಿಯುತ್ತದೆಯೇ ಎಂದು ಆ ಕಡೆಯವರು ಕೇಳಿದರು. ನಮ್ಮ ಟೀಮ್ ಲೀಡ್ ಒಂದು ಕ್ಷಣ ತಡೆದು, ‘ವಿ ವಿಲ್ ಟ್ರೈ’ ಅಂದ. ಈ ಕೋಣೆಯಲ್ಲಿದ್ದ ಎಲ್ಲರಿಗೂ ಆಗುವುದಿಲ್ಲ ಎಂಬುದು ಆ ತಡೆದ ಕ್ಷಣದಲ್ಲೇ ತಿಳಿಯಿತು. ಆ ಕಡೆಯವರು ಪರದೆಯ ಮೇಲೆ ‘ಶುಕ್ರವಾರ’ ಎಂದು ಬರೆದುಕೊಂಡರು. ಕರೆ ಮುಗಿದ ಮೇಲೆ ಕಾಫಿ ಯಂತ್ರದ ಹತ್ತಿರ ಆ ಹುಡುಗ, ‘ಶುಕ್ರವಾರಕ್ಕೆ ಎಲ್ಲಾಗುತ್ತೆ ಸಾರ್, ಟೆಸ್ಟಿಂಗೇ ಶುರುವಾಗಿಲ್ಲ’ ಎಂದ. ಮತ್ತೆ ಹೇಳಬಾರದಿತ್ತೇ ಎಂದೆ. ‘ಹೋದ ವಾರ ನಮ್ಮ ಮ್ಯಾನೇಜರ್ ಅವರಿಗೆ ಮಾತು ಕೊಟ್ಟಿದ್ರು. ಅಷ್ಟು ಜನರ ಮುಂದೆ ನಾನು ಆಗಲ್ಲ ಅಂದ್ರೆ ಅವರ ಮರ್ಯಾದೆ ಏನಾಗ್ಬೇಕು?’

ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಅದರಲ್ಲಿ ಹೆದರಿಕೆಗಿಂತ ನಿಷ್ಠೆ ಹೆಚ್ಚಿತ್ತು. ತನ್ನ ಮೇಲಿನವನನ್ನು ಪರರ ಎದುರು ಸಣ್ಣವನನ್ನಾಗಿ ಮಾಡಬಾರದು ಎಂಬ ಸಂಸ್ಕಾರ ಅದು, ಅದಿಲ್ಲದ ಊರಿನಲ್ಲಿ ಬದುಕಲು ನಾನಂತೂ ಇಷ್ಟಪಡುವುದಿಲ್ಲ. ನೆದರ್ಲೆಂಡ್ಸಿನವರಿಗೆ ಇದು ತಿಳಿಯುವುದು ಕಷ್ಟ. ಅಲ್ಲಿ ಅದೇ ವಯಸ್ಸಿನ ಹುಡುಗಿಯೊಬ್ಬಳು ತನ್ನ ನಿರ್ದೇಶಕರ ಎದುರಿಗೇ, ನೀವು ಕೊಟ್ಟ ತಾರೀಕು ತಪ್ಪು ಎಂದು ಹೇಳಿ, ಅವರ ಜೊತೆಗೇ ಊಟಕ್ಕೆ ಹೋಗುತ್ತಾಳೆ. ನಿರ್ದೇಶಕರ ಮರ್ಯಾದೆಗೆ ಏನೂ ಆಗುವುದಿಲ್ಲ, ಏಕೆಂದರೆ ಅಲ್ಲಿ ಮರ್ಯಾದೆ ತಾರೀಕಿಗೆ ಅಂಟಿಕೊಂಡಿಲ್ಲ. ಜಪಾನಿನವರು ಮೀಟಿಂಗಿನ ವಿಷಯದಲ್ಲಿ ನಮಗೇ ಹತ್ತಿರ. ಎಲ್ಲರ ಎದುರು ಯಾರೂ ಯಾರನ್ನೂ ವಿರೋಧಿಸುವುದಿಲ್ಲ. ಆದರೆ ಮೀಟಿಂಗಿಗೆ ಮುಂಚೆ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಕಂಡು, ಆಕ್ಷೇಪಗಳನ್ನೆಲ್ಲ ಕೇಳಿ ತೀರಿಸಿಕೊಂಡು, ಒಪ್ಪಿಗೆಯ ಕಾಗದ ಮೇಜಿನಿಂದ ಮೇಜಿಗೆ ಹೋಗಿ ಮುದ್ರೆ ಒತ್ತಿಸಿಕೊಂಡು ಬಂದಿರುತ್ತದೆ. ಅವರ ಮೀಟಿಂಗ್ ಆಗಲೇ ಮುಗಿದ ತೀರ್ಮಾನಕ್ಕೆ ಸಾಕ್ಷಿ ಅಷ್ಟೇ. ಜಪಾನಿನವರು ಉತ್ತರ ಹೇಳಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಾರೆ ಎಂದು ಬೇಸರಪಡುವ ನಮ್ಮ ವ್ಯಾಪಾರಿಗಳಿಗೆ, ಒಮ್ಮೆ ಉತ್ತರ ಬಂದ ಮೇಲೆ ಕೆಲಸ ಎಷ್ಟು ಸಲೀಸಾಗಿ ಓಡುತ್ತದೆ ಎಂಬುದೂ ಗೊತ್ತು. ನಮ್ಮಲ್ಲಿ ಮೀಟಿಂಗಿನಲ್ಲೂ ಹೇಳುವುದಿಲ್ಲ, ಅದಕ್ಕೆ ಮುಂಚೆ ಹೇಳುವ ಏರ್ಪಾಡೂ ಇಲ್ಲ. ಕಾಫಿ ಯಂತ್ರದ ಹತ್ತಿರ ಹೇಳುತ್ತೇವೆ, ಅಲ್ಲಿ ಗ್ರಾಹಕರು ಇರುವುದಿಲ್ಲ.

ಐಟಿ ಕಂಪನಿಗಳಲ್ಲಿ ವಾರವಾರ ಕಳಿಸುವ ವರದಿಗೆ ಬಣ್ಣ ಕೊಡುತ್ತಾರೆ. ಎಲ್ಲ ಸರಿಯಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಕೆಟ್ಟರೆ ಕೆಂಪು. ಕೊನೆಯ ವಾರದವರೆಗೂ ಹಸಿರಾಗಿದ್ದು ಒಮ್ಮೆಗೇ ಕೆಂಪಾಗುವ ವರದಿಗೆ ಆ ವೃತ್ತಿಯವರೇ ಕಲ್ಲಂಗಡಿ ಎಂದು ಹೆಸರಿಟ್ಟಿದ್ದಾರೆ, ಹೊರಗೆ ಹಸಿರು, ಕೊಯ್ದರೆ ಕೆಂಪು. ಇದು ಭಾರತದ ಕಾಯಿಲೆ ಎಂದುಕೊಂಡರೆ ತಪ್ಪಾಗುತ್ತದೆ. ನೇರ ಮಾತಿಗೆ ಹೆಸರಾದ ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಡೀಸೆಲ್ ಕಾರುಗಳ ಹೊಗೆ ಪರೀಕ್ಷೆಯನ್ನು ಸಾಫ್ಟ್‌ವೇರ್ ಇಟ್ಟು ವಂಚಿಸುತ್ತಿದ್ದದ್ದು ಬಯಲಾದದ್ದು 2015ರ ಸೆಪ್ಟೆಂಬರಿನಲ್ಲಿ, ಅದೂ ಅಮೆರಿಕದವರಿಂದ. ವರ್ಷಗಟ್ಟಲೆ ಎಷ್ಟೋ ಎಂಜಿನಿಯರುಗಳ ಬಾಯಿ ಕಟ್ಟಿತ್ತು. ಕಾರ್ಖಾನೆಯ ನೆಲದ ಮೇಲೆ ಹಗ್ಗ ಎಳೆಯುವ ಜಪಾನಿನಲ್ಲೇ ಒಲಿಂಪಸ್ ಕಂಪನಿಯ ಆಡಳಿತ ಮಂಡಳಿ ಹಳೆಯ ಹೂಡಿಕೆಗಳ ನಷ್ಟವನ್ನು ಎರಡು ದಶಕಗಳ ಕಾಲ ಬಚ್ಚಿಟ್ಟಿತ್ತು. ಮುಖ್ಯಸ್ಥರಾಗಿ ನೇಮಕವಾದ ಬ್ರಿಟನ್ನಿನ ಮೈಕೆಲ್ ವುಡ್‌ಫರ್ಡ್ ಲೆಕ್ಕದ ಬಗ್ಗೆ ಪ್ರಶ್ನೆ ಕೇಳಿದ್ದಕ್ಕೆ 2011ರ ಅಕ್ಟೋಬರಿನಲ್ಲಿ ಅವರನ್ನೇ ಹೊರಹಾಕಿತು. ಒಂದೇ ದೇಶ, ನೆಲದ ಮೇಲೆ ಒಂದು ಸಂಸ್ಕೃತಿ, ಮೇಲಿನ ಮಹಡಿಯಲ್ಲಿ ಇನ್ನೊಂದು. ದೇಶದ ಹೆಸರು ಕೇಳಿ ತೀರ್ಪು ಕೊಡುವವರು ಈ ಎರಡನ್ನೂ ಮರೆಯಬಾರದು.

ಟೊಯೊಟಾ ಕೂಡ ಎಡವಿದೆ, ಅದು ಎಡವಿದ ರೀತಿ ನಮ್ಮ ವಿಷಯಕ್ಕೆ ತೀರಾ ಹತ್ತಿರದ್ದು. 2009 ಮತ್ತು 2010ರಲ್ಲಿ ಅದರ ಕಾರುಗಳು ತಾವಾಗಿಯೇ ವೇಗ ಹೆಚ್ಚಿಸಿಕೊಳ್ಳುತ್ತವೆ ಎಂದು ಅಮೆರಿಕದಲ್ಲಿ ದೂರುಗಳೆದ್ದು, ಲಕ್ಷಾಂತರ ಕಾರುಗಳನ್ನು ವಾಪಸು ಕರೆಸಿಕೊಳ್ಳಬೇಕಾಯಿತು. 2010ರ ಫೆಬ್ರವರಿಯಲ್ಲಿ ಅಧ್ಯಕ್ಷ ಅಕಿಯೊ ಟೊಯೊಡಾ ಅಮೆರಿಕದ ಸಂಸತ್ತಿನ ಸಮಿತಿಯ ಎದುರು ಹಾಜರಾದರು. ಕಂಪನಿಯೇ ನೇಮಿಸಿದ, ಅಮೆರಿಕದ ಮಾಜಿ ಸಾರಿಗೆ ಮಂತ್ರಿ ರಾಡ್ನಿ ಸ್ಲೇಟರ್ ನೇತೃತ್ವದ ಸಲಹಾ ಸಮಿತಿ 2011ರಲ್ಲಿ ಕೊಟ್ಟ ವರದಿಯಲ್ಲಿ ಎರಡು ಮುಖ್ಯ ಮಾತುಗಳಿದ್ದವು. ತೀರ್ಮಾನಗಳೆಲ್ಲ ಜಪಾನಿನ ಕೇಂದ್ರ ಕಚೇರಿಯಲ್ಲೇ ಹೆಚ್ಚಾಗಿ ಕೇಂದ್ರೀಕೃತವಾಗಿವೆ ಎಂಬುದೊಂದು. ಕಾರ್ಖಾನೆಯ ಒಳಗಿನವರು ತೋರಿಸುವ ತಪ್ಪನ್ನು ಬರಮಾಡಿಕೊಳ್ಳುವ ಕಂಪನಿ, ಹೊರಗಿನವರು ತೋರಿಸುವ ತಪ್ಪನ್ನು ಅನುಮಾನದಿಂದ ನೋಡುತ್ತದೆ ಎಂಬುದು ಇನ್ನೊಂದು. ಹಗ್ಗ ಕಟ್ಟಿದ್ದು ಜೋಡಣಾ ಸಾಲಿಗೆ ಮಾತ್ರ. ಸಮುದ್ರದಾಚೆಯಿಂದ ಎಳೆಯಲು ಹಗ್ಗ ಇರಲಿಲ್ಲ.

ಬಿಡದಿಯ ಕತೆಯನ್ನೂ ನಾನು ಹೀಗೇ ಓದುತ್ತೇನೆ. 1997ರಲ್ಲಿ ಕಿರ್ಲೋಸ್ಕರ್ ಸಮೂಹದ ಜೊತೆಗೂಡಿ ಟೊಯೊಟಾ ಅಲ್ಲಿಗೆ ಬಂತು, ಕ್ವಾಲಿಸ್ ಎಂಬ ಮೊದಲ ವಾಹನದಿಂದ ಶುರುಮಾಡಿ ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟಿತು, ಹಳ್ಳಿಯ ಬಡಮಕ್ಕಳಿಗಾಗಿ ತರಬೇತಿ ಸಂಸ್ಥೆ ತೆರೆಯಿತು. ಅದೇ ಕಾರ್ಖಾನೆ 2006ರಲ್ಲಿ ಒಮ್ಮೆ, 2020ರ ನವೆಂಬರಿನಲ್ಲಿ ಮತ್ತೊಮ್ಮೆ ಮುಷ್ಕರ, ಲಾಕ್‌ಔಟ್ ಕಂಡಿತು. 2020ರಲ್ಲಿ ಒಬ್ಬ ಕಾರ್ಮಿಕನ ಅಮಾನತಿನಿಂದ ಹೊತ್ತಿಕೊಂಡದ್ದು ತಿಂಗಳುಗಟ್ಟಲೆ ಎಳೆಯಿತು. ಕೆಲಸದ ಹೊರೆ ಮಿತಿ ಮೀರಿದೆ ಎಂದು ಸಂಘದವರು, ಇದು ಅಶಿಸ್ತು ಎಂದು ಆಡಳಿತದವರು. ಯಾರ ಕಡೆ ಎಷ್ಟು ನ್ಯಾಯವಿತ್ತು ಎಂದು ಇಲ್ಲಿ ಕೂತು ತೂಗುವುದು ನನಗೆ ಸರಿಕಾಣದು. ಕಾರಿನ ಬಾಗಿಲು ಸರಿಯಾಗಿ ಕೂತಿಲ್ಲ ಎಂದು ಹೇಳಲು ಇರುವಷ್ಟು ಸಲೀಸಾದ ದಾರಿ, ನನ್ನ ಬೆನ್ನು ಸೋಲುತ್ತಿದೆ ಎಂದು ಹೇಳಲೂ ಇರಬೇಕು ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಜಪಾನಿನಲ್ಲಿ ಕೆಲಸ ಮುಗಿದ ಮೇಲೆ ಮೇಲಿನವರೂ ಕೆಳಗಿನವರೂ ಒಟ್ಟಿಗೆ ಕುಡಿಯಲು ಕೂರುವ ರೂಢಿಯಿದೆ, ಹಗಲು ಆಡಲಾರದ್ದನ್ನು ಅಲ್ಲಿ ಆಡಿಕೊಳ್ಳುತ್ತಾರೆ. ನಮ್ಮಲ್ಲಿ ಆ ರೂಢಿಯಿಲ್ಲ, ಕಂಪನಿಯ ಬಸ್ಸು ಹತ್ತಿ ಮಾಗಡಿಗೋ ಚನ್ನಪಟ್ಟಣಕ್ಕೋ ಹೋಗುವ ಹುಡುಗರಿಗೆ ಅದು ಒಗ್ಗುವುದೂ ಇಲ್ಲ. ಅದರ ಜಾಗಕ್ಕೆ ಇಲ್ಲಿನದೇ ಆದ ಇನ್ನೊಂದು ಬೇಕು.

ಅಂದಹಾಗೆ, ಈ ತೊಡಕು ಅಷ್ಟಾಗಿ ಕಾಡದ ವ್ಯಾಪಾರವೂ ನಮ್ಮಲ್ಲಿದೆ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಇಟಲಿಗೂ ಜರ್ಮನಿಗೂ ಎಷ್ಟೋ ದಶಕಗಳಿಂದ ಹೋಗುತ್ತಿದೆ. ಹಡಗು ಹತ್ತುವ ಮುಂಚೆ ಬೀಜದ ಸ್ಯಾಂಪಲ್ ಹೋಗುತ್ತದೆ, ಅಲ್ಲಿ ಹುರಿದು ಕುಡಿದು ರುಚಿ ನೋಡುತ್ತಾರೆ, ಒಪ್ಪಿದರೆ ಒಪ್ಪಿದರು, ಇಲ್ಲದಿದ್ದರೆ ಬೇರೆ ಲಾಟ್ ಕೇಳುತ್ತಾರೆ. ಬೇಡ ಎಂಬ ಮಾತನ್ನು ಇಬ್ಬರ ಪರವಾಗಿ ಸ್ಯಾಂಪಲ್ಲೇ ಹೇಳಿಬಿಡುವುದರಿಂದ ಮುಖ ಕೆಡಿಸಿಕೊಳ್ಳುವ ಪ್ರಮೇಯ ಬರುವುದಿಲ್ಲ. ಬಿಡಿಭಾಗ, ಸಾಫ್ಟ್‌ವೇರ್, ಜಂಟಿ ಉದ್ಯಮ ಇವೆಲ್ಲ ಕೆಲಸ ನಡೆಯುತ್ತಿರುವಾಗಲೇ ಕೆಡುವಂಥವು, ಅದಕ್ಕೇ ಮಾತು ಬೇಕು.

ಆ ಮಾತು ಬರುವ ಹಾಗೆ ಮಾಡುವ ಹೊಣೆ ಹೆಚ್ಚಾಗಿ ಹಣ ಕೊಡುವವರ ಮೇಲಿದೆ ಎಂಬುದು ನನ್ನ ಅಭಿಪ್ರಾಯ. ತಪ್ಪಾಗಿದೆ ಎಂದು ಸಪ್ಲೈಯರ್ ತಾನಾಗಿ ಬಂದು ಹೇಳಿದ ದಿನವೇ ಅವನ ಕೈಗೆ ಡೆಬಿಟ್ ನೋಟ್ ಹಿಡಿಸುವ ಗ್ರಾಹಕ, ಮುಂದಿನ ಸಲ ಮುಚ್ಚಿಡು ಎಂದು ಪಾಠ ಹೇಳಿಕೊಟ್ಟಂತೆಯೇ. ತಾನಾಗಿ ಹೇಳಿದ ತಪ್ಪಿಗೆ ಒಂದು ದರ, ತಾವು ಹಿಡಿದ ತಪ್ಪಿಗೆ ಅದರ ನಾಲ್ಕು ಪಟ್ಟು ಎಂದು ಕರಾರಿನಲ್ಲೇ ಬರೆದುಕೊಂಡರೆ ಯಾವ ದೇಶದ ಸಪ್ಲೈಯರ್ ಆದರೂ ಬಾಯಿ ಬಿಡುತ್ತಾನೆ. ನಮ್ಮಲ್ಲಿಗೆ ಬರುವ ಹೊರದೇಶದ ಮ್ಯಾನೇಜರುಗಳಿಗೆ ನಾನು ಹೇಳುವುದು ಇನ್ನೊಂದಿದೆ. ‘ಶುಕ್ರವಾರಕ್ಕೆ ಆಗುತ್ತದೆಯೇ’ ಎಂದು ಕೇಳಬೇಡಿ, ಅದಕ್ಕೆ ಹೌದು ಎಂಬುದಲ್ಲದೆ ಬೇರೆ ಉತ್ತರ ಕೊಡುವುದು ನಮ್ಮ ಹುಡುಗರಿಗೆ ಕಷ್ಟ. ‘ಶುಕ್ರವಾರದ ಹೊತ್ತಿಗೆ ಏನೇನು ಬಾಕಿ ಉಳಿದಿರುತ್ತದೆ’ ಎಂದು ಕೇಳಿ. ಬಾಕಿಯ ಪಟ್ಟಿ ಕೊಡುವುದರಲ್ಲಿ ಯಾರ ಮರ್ಯಾದೆಯೂ ಹೋಗುವುದಿಲ್ಲ, ಅದು ಮಾಹಿತಿ. ಹತ್ತು ಜನರ ಕರೆಯಲ್ಲಿ ಕೇಳಿದ್ದನ್ನೇ ಅರ್ಧ ಗಂಟೆ ಬಿಟ್ಟು ಒಬ್ಬನಿಗೇ ಫೋನ್ ಮಾಡಿ ಕೇಳಿ. ಎರಡು ಉತ್ತರಗಳು ಬೇರೆಬೇರೆ ಬಂದರೆ ಎರಡನೆಯದನ್ನು ನಂಬಿ, ಮೊದಲನೆಯದನ್ನು ಸುಳ್ಳು ಎನ್ನಬೇಡಿ.

ಕೊನೆಯಲ್ಲಿ, ಈ ಬರಹಕ್ಕೆ ಕಾರಣವಾದ ಬೆಳಗಾವಿಯ ಓದುಗರಿಗೆ. ನಿಮ್ಮ ಫೌಂಡ್ರಿಯ ಫರ್ನೇಸ್ ಕೆಟ್ಟು ಜರ್ಮನಿಗೆ ಹೋಗಬೇಕಾದ ಕಾಸ್ಟಿಂಗ್ ಎರಡು ವಾರ ತಡವಾಗುತ್ತಿದೆ, ಅವರಿಗೆ ಬೇಸರವಾಗದ ಹಾಗೆ ಹೇಗೆ ತಿಳಿಸಲಿ ಎಂದು ಕೇಳಿದ್ದೀರಿ. ಬೇಸರವಾಗುತ್ತದೆ, ಅದನ್ನು ತಪ್ಪಿಸಲು ಹೋಗಬೇಡಿ. ಇವತ್ತೇ ಬರೆಯಿರಿ. ಕ್ಷಮಾಪಣೆ ಒಂದು ಸಾಲಿಗೆ ಮುಗಿಯಲಿ. ಎರಡನೆಯ ಸಾಲಿನಲ್ಲಿ ಎಷ್ಟು ಪೀಸ್ ತಯಾರಿದೆ, ಉಳಿದದ್ದು ಯಾವ ತಾರೀಕಿಗೆ ಎಷ್ಟೆಷ್ಟು ಎಂಬ ಲೆಕ್ಕ ಕೊಡಿ, ಆ ತಾರೀಕುಗಳು ನಿಮ್ಮ ಕರಗಿಸುವ ಮನೆಯ ಮೇಸ್ತ್ರಿ ಒಪ್ಪಿದ ತಾರೀಕುಗಳಾಗಿರಲಿ. ಕೆಟ್ಟದ್ದೇನು, ರಿಪೇರಿ ಎಲ್ಲಿಗೆ ಬಂದಿದೆ, ಒಂದು ಫೋಟೊ ಸಹಿತ ತಿಳಿಸಿ. ವಾಪಸು ಬರುವ ಪತ್ರ ಖಾರವಾಗಿರಬಹುದು. ಆ ಖಾರ ಕಾಸ್ಟಿಂಗಿನ ಮೇಲೆ ಇರುತ್ತದೆ, ನಿಮ್ಮ ಮನೆತನದ ಮೇಲೆ ಇರುವುದಿಲ್ಲ. ಮರುದಿನ ಅವರೇ ಏನೂ ಆಗದವರಂತೆ ಮಾತಾಡುತ್ತಾರೆ. ತಯಾರಿರುವ ಪೀಸ್‌ಗಳನ್ನು ವಿಮಾನದಲ್ಲಿ ಕಳಿಸಿದರೆ ಅವರ ಸಾಲು ನಿಲ್ಲದೆ ಉಳಿಯಬಹುದು. ಆ ಬಾಡಿಗೆಯಲ್ಲಿ ನೀವು ಎಷ್ಟು ಕೊಡಬಲ್ಲಿರಿ, ಅವರು ಎಷ್ಟು ಹೊರಬಲ್ಲರು ಎಂಬುದನ್ನೂ ಇದೇ ಪತ್ರದಲ್ಲಿ ಕೇಳಿಬಿಡಿ.